ಮಲೆ, ಮಳೆ, ವೇಲಚೇರಿ

ಪುಸ್ತಕ ಕಪಾಟಿನಲ್ಲೇ ಇತ್ತು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’, ಬೆನ್ನಿನ ಬಣ್ಣ ಬಿಸಿಲಿಗೆ ಮಾಸಿದ ದಪ್ಪ ಪ್ರತಿ, ಮೇಲಿನಿಂದ ಎರಡನೆಯ ಹಲಗೆ. ಮೂರನೇ ಮಹಡಿಯ ಅಮ್ಮ ಅದರ ಎದುರಿಗೇ ನಿಂತು ತಮ್ಮ ಮೊಬೈಲನ್ನು ನನ್ನ ಕಡೆ ತಿರುಗಿಸಿದರು. ಹುಡುಕುವ ಜಾಗದಲ್ಲಿ ‘ಮಲೆಯ ಮದುಮಗಳು’ ಎಂದು ಬರೆದಿದ್ದರು. ಕೆಳಗೆ ಒಂದೇ ಸಾಲು: ಯಾವ ಪುಸ್ತಕವೂ ಸಿಗಲಿಲ್ಲ.

“ಪುಸ್ತಕ ಇಲ್ಲೇ ಕೂತಿದೆ. ನಿಮ್ಮ ಕಂಪ್ಯೂಟರ್ ಇಲ್ಲ ಅಂತಿದೆಯಲ್ಲಪ್ಪ?”

“ನೀವು ಬರೆದಿದ್ದರಲ್ಲಿ ತಪ್ಪಿಲ್ಲ ಅಮ್ಮ. ಅದಕ್ಕೆ ಇನ್ನೂ ಕನ್ನಡ ಹೇಳಿಕೊಟ್ಟಿಲ್ಲ.”

“ಹಾಗಾದ್ರೆ ಹೇಳಿಕೊಡಿ” ಎಂದು ಪುಸ್ತಕವನ್ನು ಬಗಲಲ್ಲಿಟ್ಟುಕೊಂಡು ಮೆಟ್ಟಿಲು ಹತ್ತಿದರು. ಈ ಅಧ್ಯಾಯ ಹುಟ್ಟಿದ್ದು ಆ ಮಾತಿನಿಂದ.

ನಮ್ಮದು ದೊಡ್ಡ ಗ್ರಂಥಾಲಯವೇನೂ ಅಲ್ಲ. ಚೆನ್ನೈನ ವೇಲಚೇರಿಯಲ್ಲಿ, ನೂರಡಿ ರಸ್ತೆಯಿಂದ ಒಳಗೆ ತಿರುಗಿದರೆ ಸಿಗುವ ಒಂದು ವಸತಿ ಸಮುಚ್ಚಯದಲ್ಲಿ, ಸುತ್ತಲಿನ ಕನ್ನಡದ ಮನೆಗಳವರು ಕೂಡಿಸಿಟ್ಟ ಪುಸ್ತಕಗಳು. ಮೊದಲು ಅವು ನೆಲಮಹಡಿಯಲ್ಲಿದ್ದವು. 2015ರ ಡಿಸೆಂಬರಿನ ನೆರೆಯಲ್ಲಿ ವೇಲಚೇರಿ ಮುಳುಗಿದಾಗ ಕೆಳಗಿನ ಎರಡು ಹಲಗೆ ನೀರುಪಾಲಾದವು, ಪುಸ್ತಕಗಳ ಹೆಸರು ಬರೆದಿಟ್ಟ ನೋಟ್‌ಬುಕ್ಕೂ ಅವುಗಳ ಜೊತೆಗೇ ಹೋಯಿತು. ಏನೇನು ಕಳೆದುಕೊಂಡೆವು ಎಂಬುದು ಕೂಡ ಪೂರ್ತಿ ನೆನಪಾಗಲಿಲ್ಲ. ಉಳಿದದ್ದನ್ನು ಮೇಲಕ್ಕೆ ಸಾಗಿಸಿದ ಮೇಲೆ ಪಟ್ಟಿಯನ್ನು ಕಂಪ್ಯೂಟರಿಗೆ ಏರಿಸಿ, ಅದಕ್ಕೊಂದು ಹುಡುಕುವ ಯಂತ್ರ ಕೂರಿಸುವ ಕೆಲಸ ನನ್ನ ಪಾಲಿಗೆ ಬಂತು.

ಹುಡುಕುವ ಯಂತ್ರ, ಅಂದರೆ ಸರ್ಚ್ ಎಂಜಿನ್, ಪುಸ್ತಕವನ್ನು ತೆರೆದು ನೋಡುವುದಿಲ್ಲ. ಹಳಗನ್ನಡ ಕಾವ್ಯದ ಒಳ್ಳೆಯ ಸಂಪಾದಿತ ಆವೃತ್ತಿ ಮನೆಯಲ್ಲಿದ್ದರೆ ಅದರ ಕೊನೆಯ ಪುಟಗಳನ್ನು ನೋಡಿ. ಪದ್ಯಗಳ ಅಕಾರಾದಿ ಎಂದು ಇರುತ್ತದೆ. ಪ್ರತಿ ಪದ್ಯದ ಮೊದಲ ಪದಗಳು, ಎದುರಿಗೆ ಆಶ್ವಾಸ ಮತ್ತು ಪದ್ಯದ ಸಂಖ್ಯೆ. ಸರ್ಚ್ ಎಂಜಿನ್ ಕಟ್ಟಿಕೊಳ್ಳುವ ಇಂಡೆಕ್ಸ್ ಇದೇ ಜಾತಿಯದು. ಪುಸ್ತಕದಿಂದ ಪದಕ್ಕೆ ಹೋಗುವ ದಾರಿಯನ್ನು ತಿರುಗಿಸಿ, ಪದದಿಂದ ಪುಸ್ತಕಕ್ಕೆ ಹೋಗುವ ದಾರಿ ಮಾಡಿಟ್ಟಿರುತ್ತದೆ. ನೀವು ಹುಡುಕುವಾಗ ಅದು ನೋಡುವುದು ಈ ಅಕಾರಾದಿಯನ್ನು ಮಾತ್ರ. ಅಲ್ಲಿಲ್ಲದ ಪದ ಪುಸ್ತಕದ ಮುಖಪುಟದ ಮೇಲೆ ಎಷ್ಟು ದೊಡ್ಡದಾಗಿ ಅಚ್ಚಾಗಿದ್ದರೂ ಯಂತ್ರದ ಪಾಲಿಗೆ ಇಲ್ಲ.

ಹೀಗಿರುವಾಗ, ಅಕಾರಾದಿಗೆ ಯಾವ ಪದ ಯಾವ ರೂಪದಲ್ಲಿ ಹೋಗಬೇಕು ಎಂದು ತೀರ್ಮಾನಿಸುವವರು ಯಾರು? ಆ ಕೆಲಸದ ಹೆಸರು ಪಠ್ಯ ವಿಶ್ಲೇಷಣೆ, ಮಾಡುವ ಭಾಗದ ಹೆಸರು ಅನಲೈಜರ್. ನಾನು ಬಳಸಿದ ಯಂತ್ರದ ಹೊಟ್ಟೆಯಲ್ಲಿರುವುದು ಲುಸೀನ್. ಡಗ್ ಕಟಿಂಗ್ ಎಂಬ ಪ್ರೋಗ್ರಾಮರ್ 1999ರಲ್ಲಿ ಬರೆದು ಎಲ್ಲರಿಗೂ ತೆರೆದಿಟ್ಟ ತಂತ್ರಾಂಶ ಅದು. ಅದರ ಮೇಲೆ 2004ರಲ್ಲಿ ಯೋನಿಕ್ ಸೀಲಿ ಸೋಲರ್ ಕಟ್ಟಿದರು, 2010ರಲ್ಲಿ ಶೈ ಬ್ಯಾನನ್ ಇಲಾಸ್ಟಿಕ್‌ಸರ್ಚ್ ಹೊರತಂದರು. ಬ್ಯಾನನ್ ಈ ದಾರಿಗೆ ಬಿದ್ದದ್ದು ಅಡುಗೆ ಕಲಿಯುತ್ತಿದ್ದ ಹೆಂಡತಿಗೆ ಪಾಕವಿಧಾನ ಹುಡುಕಲು ಒಂದು ಸಾಧನ ಮಾಡಿಕೊಡಲು ಹೊರಟಾಗ. ದೊಡ್ಡ ಕಂಪನಿಗಳು ಇಂದು ನಡೆಸುವ ಎಷ್ಟೋ ಹುಡುಕಾಟಗಳ ತಳದಲ್ಲಿ ಇವೇ ಇವೆ. ಹಿಂದಿ, ಬಂಗಾಳಿ, ತಮಿಳು, ತೆಲುಗು, ನೇಪಾಳಿಗೆ ಸಿದ್ಧ ಅನಲೈಜರುಗಳು ಲುಸೀನ್ ಜೊತೆಗೇ ಬರುತ್ತವೆ. ನಾನಿದನ್ನು ಬರೆಯುವ ಹೊತ್ತಿಗೆ ಕನ್ನಡಕ್ಕೆ ಇಲ್ಲ. ಇರುವ ಬಿಡಿಭಾಗಗಳನ್ನು ಜೋಡಿಸಿ ನಾವೇ ಮಾಡಿಕೊಳ್ಳಬೇಕು. ಇದು ನನಗೆ ಬೇಸರದ ಸಂಗತಿ, ಆದರೆ ಹಾಗೆ ಜೋಡಿಸುವಾಗ ನಮ್ಮ ನುಡಿಯ ಬಗ್ಗೆ ತಿಳಿದಷ್ಟು ನನಗೆ ಬೇರೆಲ್ಲೂ ತಿಳಿದಿರಲಿಲ್ಲ.

ಅನಲೈಜರ್ ಮೂರು ಹಂತದಲ್ಲಿ ಕೆಲಸ ಮಾಡುತ್ತದೆ. ಮೊದಲು ಅಕ್ಷರಗಳನ್ನು ಶುಚಿ ಮಾಡುತ್ತದೆ, ಆಮೇಲೆ ಸಾಲನ್ನು ಪದಗಳಾಗಿ ಕತ್ತರಿಸುತ್ತದೆ, ಕೊನೆಗೆ ಒಂದೊಂದು ಪದವನ್ನೂ ತಿದ್ದುತ್ತದೆ, ಬೇಡವಾದದ್ದನ್ನು ಎಸೆಯುತ್ತದೆ ಅಥವಾ ಹೊಸದನ್ನು ಸೇರಿಸುತ್ತದೆ. ಹೀಗೆ ಹೊರಬಂದ ತುಣುಕಿಗೆ ಟೋಕನ್ ಎನ್ನುತ್ತಾರೆ.

ಶುಚಿ ಮಾಡುವ ಹಂತ ನನ್ನನ್ನು ಹಲವು ಸಂಜೆ ಹಿಡಿದು ಕೂರಿಸಿತು. ಈ ಎರಡು ಪದ ನೋಡಿ: ಬೆಂಗಳೂರು, ಬೆ೦ಗಳೂರು. ಕಣ್ಣಿಗೆ ಒಂದೇ. ಮೊದಲನೆಯದರಲ್ಲಿ ಇರುವುದು ಅನುಸ್ವಾರ, ಎರಡನೆಯದರಲ್ಲಿ ಕನ್ನಡದ ಅಂಕಿ ಸೊನ್ನೆ. ಆಕಾರ ಹೋಲುತ್ತದೆಂದು ಎಷ್ಟೋ ಜನ ಅನುಸ್ವಾರದ ಜಾಗದಲ್ಲಿ ಸೊನ್ನೆ ಒತ್ತುತ್ತಾರೆ. ಅಚ್ಚಾದ ಪುಟದಲ್ಲಿ ಯಾರಿಗೂ ತೊಂದರೆಯಿಲ್ಲ, ಯಂತ್ರಕ್ಕೆ ಮಾತ್ರ ಇವು ಸಂಬಂಧವೇ ಇಲ್ಲದ ಎರಡು ಊರು. ಹಾಗಾಗಿ ಮೊದಲ ನಿಯಮ ಬರೆದೆ: ಕನ್ನಡ ಅಕ್ಷರದ ಬೆನ್ನಿಗೆ ಅಂಟಿದ ಸೊನ್ನೆಯನ್ನು ಅನುಸ್ವಾರವಾಗಿಸು. ‘೧೦’ರಲ್ಲಿ ಸೊನ್ನೆಯ ಹಿಂದೆ ಇರುವುದು ಅಂಕಿ, ಆದ್ದರಿಂದ ಅದು ಹಾಗೇ ಉಳಿಯುತ್ತದೆ. ಇನ್ನೊಂದು ನಿಯಮ ಕನ್ನಡ ಅಂಕಿಗಳನ್ನೆಲ್ಲ ಸಾಮಾನ್ಯ ಅಂಕಿಗಳಾಗಿಸುತ್ತದೆ, ೧೯೬೭ ಎಂದು ಬರೆದವರಿಗೂ 1967 ಎಂದು ಬರೆದವರಿಗೂ ಅದೇ ಪುಸ್ತಕ ಸಿಗಲಿ ಎಂದು. ಈ ಎರಡು ನಿಯಮಗಳ ಸರದಿ ತಪ್ಪಬಾರದು. ಅಂಕಿಯ ನಿಯಮ ಮೊದಲು ಓಡಿದರೆ ‘ಬೆ’ ಮತ್ತು ‘ಗ’ ನಡುವೆ ಅರೇಬಿಕ್ ಸೊನ್ನೆ ಕೂತುಬಿಡುತ್ತದೆ, ಆಮೇಲೆ ಅದನ್ನು ಯಾವ ಅನುಸ್ವಾರದ ನಿಯಮವೂ ಗುರುತಿಸುವುದಿಲ್ಲ.

‘ಕೋಟೆ’ಯ ಮೊದಲ ಅಕ್ಷರವನ್ನೇ ತೆಗೆದುಕೊಳ್ಳಿ. ಯುನಿಕೋಡ್ ಪ್ರಕಾರ ‘ಕೋ’ ಬರೆಯಲು ಮೂರು ದಾರಿ. ‘ಕ’ ಆದಮೇಲೆ ಓತ್ವದ ಒಂದೇ ಚಿಹ್ನೆ ಇಡಬಹುದು. ಒತ್ವ ಇಟ್ಟು ಅದರ ಮುಂದೆ ದೀರ್ಘದ ಗುರುತು ಹಾಕಬಹುದು. ಎತ್ವ, ಊತ್ವದ ಕೊಂಬು, ದೀರ್ಘ ಎಂದು ಮೂರು ತುಂಡಾಗಿಯೂ ಇಡಬಹುದು. ತೆರೆಯ ಮೇಲೆ ಮೂರೂ ‘ಕೋ’. ಒಳಗೆ ಎರಡು, ಮೂರು, ನಾಲ್ಕು ಸಂಕೇತಗಳ ಬೇರೆ ಬೇರೆ ಸಾಲು. ಇವನ್ನೆಲ್ಲ ಒಂದೇ ರೂಪಕ್ಕೆ ತರುವ ನಾರ್ಮಲೈಸೇಶನ್ ಎಂಬ ಏರ್ಪಾಡನ್ನು ಯುನಿಕೋಡೇ ಕೊಟ್ಟಿದೆ. ಅದನ್ನು ಹಾಕದೆ ಕನ್ನಡ ಹುಡುಕಾಟ ಶುರು ಮಾಡಲೇಬಾರದು. ‘ರ‍್ಯಾಂಕ್’ ಎಂದು ಬರೆಯುವಾಗ ‘ರ’ ಆದಮೇಲೆ ಕಣ್ಣಿಗೆ ಕಾಣದ ಒಂದು ಜೋಡಕ ಸಂಕೇತ ಕೂತಿರುತ್ತದೆ, ಅರ್ಕಾವತ್ತು ಬರದೆ ‘ರ’ ನೆಟ್ಟಗೆ ನಿಲ್ಲಲಿ ಎಂದು. ಬರೆಯುವವರಿಗೆ ಅದು ಬೇಕು, ಹುಡುಕುವವರಿಗೆ ಬೇಡ. ಅಕಾರಾದಿಗೆ ಹೋಗುವ ಮೊದಲು ತೆಗೆದುಹಾಕುವುದೇ ಸರಿ. ಹಳೆಯ ಫಾಂಟುಗಳಲ್ಲಿ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿ ಬರೆದ ಕಡತಗಳನ್ನಂತೂ ಮೊದಲು ಯುನಿಕೋಡಿಗೆ ಬದಲಿಸಿಕೊಂಡೇ ಒಳಗೆ ಬಿಡಬೇಕು.

ಕತ್ತರಿಸುವ ಹಂತ ಕನ್ನಡಕ್ಕೆ ಸುಲಭ, ಏಕೆಂದರೆ ನಾವು ಪದಗಳ ನಡುವೆ ಜಾಗ ಬಿಡುತ್ತೇವೆ. ಕಷ್ಟ ಬರುವುದು ಇನಿಷಿಯಲ್ಲುಗಳಲ್ಲಿ. ಯುನಿಕೋಡಿನ ಪದವಿಭಜನೆಯ ನಿಯಮದಂತೆ ಎರಡು ಅಕ್ಷರಗಳ ನಡುವೆ ಸಿಕ್ಕಿಕೊಂಡ ಚುಕ್ಕಿ ಪದವನ್ನು ಒಡೆಯುವುದಿಲ್ಲ. ‘ಡಿ.ವಿ.ಜಿ.’ ಎಂದು ಒತ್ತೊತ್ತಾಗಿ ಬರೆದರೆ ಚುಕ್ಕಿಗಳ ಸಮೇತ ಒಂದು ಟೋಕನ್. ‘ಡಿ. ವಿ. ಜಿ.’ ಎಂದು ಜಾಗ ಬಿಟ್ಟರೆ ಮೂರು. ‘ಡಿವಿಜಿ’ ಎಂದರೆ ಮತ್ತೊಂದು. ಮಂಕುತಿಮ್ಮನನ್ನು ಕೊಟ್ಟ ಒಬ್ಬ ಲೇಖಕರು ಮೂವರಾಗಿ ಹರಿದುಹೋಗುತ್ತಾರೆ.

ಇನ್ನು ಮೂರನೆಯ ಹಂತ. ಅಮ್ಮನ ದೂರು ಇದ್ದದ್ದು ಇಲ್ಲಿ.

‘ಮಲೆಗಳಲ್ಲಿ’ ಎಂಬುದರಲ್ಲಿ ಮಲೆ, ಬಹುವಚನ, ಸಪ್ತಮೀ ವಿಭಕ್ತಿ ಮೂರೂ ಬೆಸೆದುಕೊಂಡಿವೆ. ‘ಮಲೆಯ’ ಎಂಬುದರಲ್ಲಿ ಮಲೆ, ಯಕಾರಾಗಮ, ಷಷ್ಠಿ. ಓದುಗರ ಮನಸ್ಸಿಗೆ ಎರಡರಲ್ಲೂ ಮೊದಲು ಕಾಣುವುದು ಮಲೆ, ಯಂತ್ರಕ್ಕೆ ಎರಡು ಅಪರಿಚಿತ ಪದ. ಇಂಗ್ಲಿಷಿಗೆ ಮಾರ್ಟಿನ್ ಪೋರ್ಟರ್ 1980ರಲ್ಲೇ ಪ್ರತ್ಯಯ ಕಳಚುವ ಸೂತ್ರಗಳನ್ನು ಪ್ರಕಟಿಸಿದ್ದರು. ಅಂಥ ಸೂತ್ರಗಳ ಕಟ್ಟಿಗೆ ಸ್ಟೆಮ್ಮರ್ ಎನ್ನುತ್ತಾರೆ. ಇಂಗ್ಲಿಷಿನ ನಾಮಪದಕ್ಕೆ ಅಂಟುವುದು ಒಂದೆರಡು ಬಾಲ, ನಮ್ಮ ನಾಮಪದಕ್ಕೆ ಅಂಟುವುದು ಒಂದು ಮೆರವಣಿಗೆ. ಕೇಶಿರಾಜ ಹದಿಮೂರನೆಯ ಶತಮಾನದಲ್ಲಿ ಶಬ್ದಮಣಿದರ್ಪಣದಲ್ಲಿ ಸಂಧಿಯನ್ನೂ ವಿಭಕ್ತಿಯನ್ನೂ ಎಷ್ಟು ಅಚ್ಚುಕಟ್ಟಾಗಿ ಜೋಡಿಸಿ ತೋರಿಸಿದನೆಂದರೆ, ಕನ್ನಡದ ಸ್ಟೆಮ್ಮರ್ ಬರೆಯುವವರು ಆ ದಾರಿಯಲ್ಲೇ ಹಿಂದು ಹಿಂದಕ್ಕೆ ನಡೆಯಬೇಕು. ಅವನು ಸೇರಿಸಿದ್ದನ್ನು ನಾವು ಬಿಡಿಸಬೇಕು.

ನಾನು ಬಿಡಿಸಲು ಶುರು ಮಾಡಿದೆ. ಕೊನೆಯಲ್ಲಿ ‘ಅಲ್ಲಿ’ ಇದ್ದರೆ ತೆಗೆ, ‘ಇಂದ’ ತೆಗೆ, ‘ಗೆ’ ತೆಗೆ, ‘ಅನ್ನು’ ತೆಗೆ, ಆಮೇಲೆ ‘ಗಳು’ ತೆಗೆ. ‘ಮಲೆಗಳಲ್ಲಿ’ ಚೆಂದವಾಗಿ ‘ಮಲೆ’ ಆಯಿತು, ‘ಮಲೆಯ’ ಕೂಡ ‘ಮಲೆ’ ಆಯಿತು. ಅದೇ ಉಸಿರಿನಲ್ಲಿ ‘ಮದುಮಗಳು’ ‘ಮದುಮ’ ಆದಳು. ಒಂದೇ ಪುಸ್ತಕದ ಹೆಸರಿನಲ್ಲಿ ಎರಡು ‘ಗಳ’, ಒಂದು ಬಹುವಚನ, ಇನ್ನೊಂದು ಮಗಳ ಒಡಲಿನ ಭಾಗ. ನಾಲ್ಕು ವರ್ಷದ ಮಗು ತಪ್ಪದ ಕಡೆ ಯಂತ್ರ ತಪ್ಪುತ್ತದೆ, ಏಕೆಂದರೆ ಅದು ನೋಡುವುದು ಬಾಲವನ್ನು ಮಾತ್ರ.

ವಿಚಿತ್ರವೆಂದರೆ, ‘ಮದುಮ’ ಎಂಬ ಮೊಂಡು ಪದದಿಂದ ಹಾನಿಯೇನೂ ಆಗಲಿಲ್ಲ. ಪುಸ್ತಕದ ಹೆಸರನ್ನೂ ಹುಡುಕುವವರ ಪದವನ್ನೂ ಒಂದೇ ಅನಲೈಜರ್ ಅರೆಯುವುದರಿಂದ ಎರಡೂ ಕಡೆ ‘ಮದುಮ’ ಬರುತ್ತದೆ, ತಾಳೆಯಾಗುತ್ತದೆ. ಬೇರು ವ್ಯಾಕರಣಕ್ಕೆ ಸರಿಯಿರಬೇಕೆಂದೇನೂ ಇಲ್ಲ. ಬೇರೆ ಯಾರಿಗೋ ಸೇರಿದ ಜಾಗದಲ್ಲಿ ಹೋಗಿ ಕೂರಬಾರದು, ಅಷ್ಟೇ. ಹಾನಿಯಾಗುವುದು ಅಲ್ಲಿ. ‘ಮಗಳು’ ಕಳಚಿ ‘ಮ’ ಆದಾಗ, ಹೆಸರಿನ ಮುಂದೆ ‘ಮ.’ ಎಂಬ ಇನಿಷಿಯಲ್ ಇದ್ದ ಲೇಖಕರೆಲ್ಲ ಮಗಳ ಜೊತೆ ಬಂದು ನಿಂತರು. ಕೆ. ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ಯ ಮಲ್ಲಿಗೆಗೆ ಚತುರ್ಥಿ ವಿಭಕ್ತಿ ಹತ್ತಿದೆಯೆಂದು ತಿಳಿದು ಯಂತ್ರ ‘ಗೆ’ ಕಿತ್ತುಹಾಕಿತು. ಆಮೇಲೆ ಮಲ್ಲಿಗೆ ಕೇಳಿದವರಿಗೆ ಮಲ್ಲಿ ಎಂಬ ಹುಡುಗಿಯ ಕಥೆಗಳು ಸಿಕ್ಕವು. ಹಲ್ಲಿಯಿಂದ ‘ಅಲ್ಲಿ’ ತೆಗೆದರೆ ಉಳಿಯುವುದು ‘ಹ’.

ಕನಿಷ್ಠ ಮೂರು ಸಂಕೇತ ಉಳಿಯದಿದ್ದರೆ ಕಳಚಬೇಡ ಎಂಬ ಕಾವಲು ಹಾಕಿದೆ. ಮಗಳೂ ಹಲ್ಲಿಯೂ ಬದುಕಿಕೊಂಡವು. ‘ತಿಂಗಳು’ ಉಳಿಯಲಿಲ್ಲ. ‘ತಿಂ’ ನಮ್ಮ ಕಣ್ಣಿಗೆ ಒಂದೇ ಅಕ್ಷರ, ಯಂತ್ರದ ಲೆಕ್ಕದಲ್ಲಿ ತ, ಗುಡಿಸು, ಅನುಸ್ವಾರ ಸೇರಿ ಮೂರು. ‘ಲಕ್ಷ್ಮಿ’ ಎಂಬ ಎರಡು ಅಕ್ಷರದ ಹೆಸರು ಅದಕ್ಕೆ ಏಳು, ‘ಸ್ತ್ರೀ’ ಎಂಬ ಒಂದು ಅಕ್ಷರ ಆರು. ಇಂಗ್ಲಿಷನ್ನು ಮನಸ್ಸಿನಲ್ಲಿಟ್ಟುಕೊಂಡು ಉದ್ದ ಅಳೆಯುವ ಯಾವ ನಿಯಮವನ್ನೂ ಕನ್ನಡಕ್ಕೆ ತರುವಾಗ ಈ ಎಣಿಕೆಯನ್ನು ಮರೆಯಬಾರದು. ಕೊನೆಗೆ ಕಳಚಬಾರದ ಪದಗಳದ್ದೇ ಒಂದು ಪಟ್ಟಿ ಮಾಡಿದೆ: ಮಗಳು, ಮೊಮ್ಮಗಳು, ತಿಂಗಳು, ಮಲ್ಲಿಗೆ, ಸಂಪಿಗೆ. ಆ ಪಟ್ಟಿ ಇಂದಿಗೂ ಬೆಳೆಯುತ್ತಿದೆ.

ಇಷ್ಟಾದ ಮೇಲೆ ‘ಮಲೆಯ ಮದುಮಗಳು’ ಸಿಕ್ಕಳು. ನಿಜವಾದ ಪಾಠ ಆಮೇಲೆ ಶುರುವಾಯಿತು.

ಪಟ್ಟಿಯಲ್ಲಿ ಇರುವುದು ಪುಸ್ತಕದ ಹೆಸರೊಂದೇ ಅಲ್ಲ. ಅರ್ಜಿ ನಮೂನೆಯ ಕಾಲಂಗಳಂತೆ ಬೇರೆ ಬೇರೆ ಫೀಲ್ಡುಗಳಿವೆ: ಲೇಖಕರು, ವರ್ಷ, ಪ್ರಕಟವಾದ ಊರು, ವಿಷಯ, ಎರವಲು ಪಡೆದವರ ಹೆಸರು, ಅವರ ಬಡಾವಣೆ. ಬಡಾವಣೆಯ ಕಾಲಮ್ಮಿನಲ್ಲಿ ನಮ್ಮ ಊರಿನ ಹೆಸರನ್ನು ಜನ ಹೇಗೆಲ್ಲ ಬರೆದಿದ್ದರು ನೋಡಿ. ವೇಲಚೇರಿ, ವೆಲಚೇರಿ, ವೇಳಚೇರಿ, ವೇಲಚ್ಚೇರಿ, ವೇಳಚ್ಚೇರಿ. ತಮಿಳಿನಲ್ಲಿ ಇದರಲ್ಲಿರುವುದು ‘ಳ’, ಮುಂದೆ ‘ಚ’ಕ್ಕೆ ಒತ್ತು. ಅದು ಇಂಗ್ಲಿಷ್ ಫಲಕದ ಮೇಲೆ ಬಂದಾಗ ‘ಳ’ ‘ಲ’ ಆಗಿ, ಒತ್ತು ಅಳಿಸಿಹೋಗಿ, ಅದನ್ನು ಓದಿಕೊಂಡು ಕನ್ನಡಕ್ಕೆ ಬರೆದವರ ಕೈಯಲ್ಲಿ ‘ವೇಲಚೇರಿ’ ಆಯಿತು. ತಮಿಳು ಕೇಳಿ ಬರೆದವರು ‘ವೇಳಚ್ಚೇರಿ’ ಎಂದರು. ಎಲ್ಲರೂ ಹೇಳುತ್ತಿರುವುದು ಪಿನ್ ಕೋಡ್ 600042ರ ಜಾಗವನ್ನೇ.

ಸಣ್ಣಪುಟ್ಟ ವ್ಯತ್ಯಾಸವನ್ನು ಮನ್ನಿಸುವ ಒಂದು ಸೌಲಭ್ಯ ಲುಸೀನ್‌ನಲ್ಲಿ ಇದೆ, ಅದಕ್ಕೆ ಫಜಿ ಎನ್ನುತ್ತಾರೆ. ಒಂದು ಪದವನ್ನು ಇನ್ನೊಂದಾಗಿಸಲು ಎಷ್ಟು ಸಂಕೇತ ಬದಲಿಸಬೇಕು, ಸೇರಿಸಬೇಕು, ತೆಗೆಯಬೇಕು ಎಂದು ಎಣಿಸಿ, ಎರಡರವರೆಗೆ ಒಪ್ಪಿಕೊಳ್ಳುತ್ತದೆ. ಎರಡೇ ಗರಿಷ್ಠ. ‘ವೇಲಚೇರಿ’ಯಿಂದ ‘ವೇಳಚ್ಚೇರಿ’ಗೆ ಹೋಗಲು ‘ಲ’ವನ್ನು ‘ಳ’ ಮಾಡಬೇಕು, ಒಂದು ಹಲಂತದ ಚಿಹ್ನೆ ಸೇರಿಸಬೇಕು, ಇನ್ನೊಂದು ‘ಚ’ ಸೇರಿಸಬೇಕು. ಒಟ್ಟು ಮೂರು. ಒಂದೇ ಒಂದು ಹೆಜ್ಜೆಯಿಂದ ನಮ್ಮ ಊರು ಕೈತಪ್ಪಿತು. ಅತ್ತ ‘ಕಲೆ’ಗೂ ‘ಕೊಲೆ’ಗೂ ನಡುವೆ ಇರುವುದು ಒಂದೇ ಚಿಹ್ನೆ. ಮೂರು ಸಂಕೇತದ ಪದಕ್ಕೆ ಇಲಾಸ್ಟಿಕ್‌ಸರ್ಚ್ ತಾನಾಗಿ ಒಂದು ತಪ್ಪನ್ನು ಮನ್ನಿಸುತ್ತದೆ. ಕಲೆಯ ಪುಸ್ತಕ ಹುಡುಕಿದವರ ಮುಂದೆ ಪತ್ತೇದಾರಿ ಕಾದಂಬರಿಗಳು ಬಂದು ಸಾಲಾಗಿ ನಿಂತದ್ದು ಹೀಗೆ.

ಆದ್ದರಿಂದ ಫಜಿ ಬಿಟ್ಟು ನಿಯಮ ಬರೆದೆ. ‘ಳ’ವನ್ನು ‘ಲ’ ಮಾಡು. ಸಜಾತಿ ಒತ್ತನ್ನು ಒಂಟಿ ಮಾಡು. ದೀರ್ಘವನ್ನು ಹ್ರಸ್ವ ಮಾಡು. ಆ ಐದೂ ರೂಪಗಳು ‘ವೆಲಚೆರಿ’ ಎಂಬ ಒಂದೇ ಟೋಕನ್ ಆಗಿ ಅಕಾರಾದಿಯಲ್ಲಿ ಕೂತವು. ತರಮಣಿ, ತಾರಾಮಣಿ ಎರಡೂ ಒಂದಾದವು. ಪಳ್ಳಿಕರಣೈ, ಪಲ್ಲಿಕರಣೆ ಒಂದಾಗಲು ಕೊನೆಯ ಐತ್ವವನ್ನು ಎತ್ವ ಮಾಡುವ ಇನ್ನೊಂದು ನಿಯಮ ಬೇಕಾಯಿತು. ನನಗೆ ಎಷ್ಟು ಖುಷಿಯಾಯಿತೆಂದರೆ ಅದೇ ರಾತ್ರಿ ಈ ನಿಯಮಗಳನ್ನು ಎಲ್ಲ ಫೀಲ್ಡುಗಳಿಗೂ ಹಾಕಿಬಿಟ್ಟೆ.

ಅದು ನವೆಂಬರ್, ಚೆನ್ನೈನ ಮಳೆಗಾಲ. ಎರಡನೇ ಮಹಡಿಯ ಹುಡುಗನಿಗೆ ಶಾಲೆಯ ಪ್ರಬಂಧಕ್ಕೆ ಮಳೆಯ ಬಗ್ಗೆ ಪುಸ್ತಕ ಬೇಕಿತ್ತು. ‘ಮಳೆ’ ಎಂದು ಹುಡುಕಿದ. ಮೊದಲು ಬಂದದ್ದು ‘ಮಲೆಗಳಲ್ಲಿ ಮದುಮಗಳು’. ‘ಳ’ ಹೋಗಿ ‘ಲ’ ಬಂದರೆ ಮಳೆ ಮಲೆಯಾಗುತ್ತದೆ, ಬೆಳೆ ಬೆಲೆಯಾಗುತ್ತದೆ, ಹುಳಿ ಹುಲಿಯಾಗುತ್ತದೆ. ಒತ್ತು ಕೂಡ ಹೋದಮೇಲೆ ಹಳ್ಳಿ, ಹಲ್ಲಿ ಎರಡೂ ‘ಹಲಿ’. ಅಡುಗೆ ಪುಸ್ತಕದಲ್ಲಿ ಹುಳಿ ಹುಡುಕಿದವರಿಗೆ ಕಾಡಿನ ಪುಸ್ತಕ ಸಿಕ್ಕಿತು. ಊರಿನ ಹೆಸರಿಗೆ ಮದ್ದಾದ ನಿಯಮ ಪುಸ್ತಕದ ಹೆಸರಿಗೆ ವಿಷವಾಗಿತ್ತು.

ಊರಿನ ಹೆಸರನ್ನು ನಾವು ಕೇಳಿ ಬರೆಯುತ್ತೇವೆ. ಅದರಲ್ಲಿ ‘ಲ’ ಇದ್ದರೂ ‘ಳ’ ಇದ್ದರೂ ಊರು ಅದೇ. ಪುಸ್ತಕದ ಹೆಸರಿನಲ್ಲಿ ಅದೇ ವ್ಯತ್ಯಾಸ ಅರ್ಥವನ್ನೇ ಹೊತ್ತು ನಿಂತಿರುತ್ತದೆ. ಯಾವ ವ್ಯತ್ಯಾಸವನ್ನು ಮರೆಯಬೇಕು, ಯಾವುದನ್ನು ಜೋಪಾನ ಮಾಡಬೇಕು ಎಂಬುದಕ್ಕೆ ಭಾಷೆಗೆಲ್ಲ ಅನ್ವಯಿಸುವ ಒಂದು ಉತ್ತರವಿಲ್ಲ, ಫೀಲ್ಡಿಗೊಂದು ಉತ್ತರ. ‘ಕನ್ನಡ ಅನಲೈಜರ್ ಎಲ್ಲಿ ಸಿಗುತ್ತೆ?’ ಎಂದು ಕೇಳುತ್ತಿದ್ದವನಿಗೆ, ಸಿಕ್ಕಿದ್ದರೂ ಅದೊಂದರಿಂದ ಕೆಲಸ ಆಗುತ್ತಿರಲಿಲ್ಲ ಎಂದು ಆಗ ಹೊಳೆಯಿತು.

ವೇಲಚೇರಿಯಿಂದ ಬೀಚ್ ಕಡೆಗೆ ಹೊರಡುವ ಎಂಆರ್‌ಟಿಎಸ್ ರೈಲು ಚೇಪಾಕದಲ್ಲಿ ನಿಲ್ಲುತ್ತದೆ. ಇಳಿದರೆ ಹತ್ತಿರದಲ್ಲೇ ಮದರಾಸು ವಿಶ್ವವಿದ್ಯಾಲಯ. ಅದರ ಗ್ರಂಥಪಾಲರಾಗಿ 1924ರಲ್ಲಿ ಸೇರಿದವರು ಎಸ್. ಆರ್. ರಂಗನಾಥನ್. ಅದಕ್ಕೂ ಮೊದಲು ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಪಾಠ ಹೇಳಿದ್ದ ಗಣಿತದ ಮೇಷ್ಟರು. ಮುಂದೆ 1962ರಲ್ಲಿ ಬೆಂಗಳೂರಿನಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನೆ ಮತ್ತು ತರಬೇತಿಗೆಂದೇ ಕೇಂದ್ರ ಕಟ್ಟಿದವರು. 1933ರ ಅವರ ಕೋಲನ್ ವರ್ಗೀಕರಣ ಬಂದದ್ದು, ಪುಸ್ತಕಕ್ಕೆ ಒಂದೇ ಖಾನೆಯ ಒಂದೇ ಸಂಖ್ಯೆ ಸಾಲದು ಎಂಬ ಅರಿವಿನಿಂದ. ಒಂದು ವಿಷಯವನ್ನು ಅದರ ಮುಖಗಳಾಗಿ ಬಿಡಿಸಿ, ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ ಎಂದು ಒಂದೊಂದನ್ನೂ ಅದರದೇ ರೀತಿಯಲ್ಲಿ ಗುರುತಿಸಿ ಮತ್ತೆ ಜೋಡಿಸಬೇಕೆಂದರು. ದೇಶವನ್ನು ಬರೆಯುವ ಕ್ರಮವೇ ಬೇರೆ, ಕಾಲವನ್ನು ಬರೆಯುವ ಕ್ರಮವೇ ಬೇರೆ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ, ಸಮುದ್ರದ ಗಾಳಿ ಬೀಸುವ ಆ ಚೇಪಾಕದಲ್ಲಿ ಕಾರ್ಡುಗಳನ್ನು ಮುಂದಿಟ್ಟುಕೊಂಡು ಅವರು ಬಿಡಿಸಿದ ಗಂಟು ನಾನು ಆ ನವೆಂಬರಿನಲ್ಲಿ ಸಿಕ್ಕಿಹಾಕಿಕೊಂಡ ಗಂಟೇ. ಓದುಗರ ಸಮಯ ಉಳಿಸಬೇಕೆನ್ನುವುದು ಅವರ ಐದು ಸೂತ್ರಗಳಲ್ಲಿ ನಾಲ್ಕನೆಯದು. ಪುಸ್ತಕದ ಎದುರಿಗೇ ನಿಂತು ‘ಸಿಗಲಿಲ್ಲ’ ಎಂದು ಓದಿದ ಅಮ್ಮನ ಮುಂದೆ ನನ್ನ ಪಟ್ಟಿ ಆ ಸೂತ್ರವನ್ನು ಮುರಿದಿತ್ತು.

ಮತ್ತೆ ಕೂತು ಒಂದೊಂದು ಫೀಲ್ಡನ್ನೂ ಅದರದೇ ಸ್ವಭಾವ ನೋಡಿ ಹೊಂದಿಸಿದೆ. ವರ್ಷ, ಪಿನ್ ಕೋಡ್, ಪುಸ್ತಕದ ಕ್ರಮಸಂಖ್ಯೆ ಇವಕ್ಕೆ ಯಾವ ವಿಶ್ಲೇಷಣೆಯೂ ಬೇಡ. ಇದ್ದದ್ದು ಇದ್ದಹಾಗೆ ಒಂದೇ ಟೋಕನ್. ಲೇಖಕರ ಫೀಲ್ಡಿಗೆ ಸ್ಟೆಮ್ಮರ್ ಸೋಕಿಸಲೇಬಾರದು. ‘ಬಂದ್ರೆ, ಹೋದ್ರೆ’ ಎಂಬ ಆಡುಮಾತಿನ ರೂಪಗಳನ್ನು ಕಳಚಲು ಕಲಿತ ಸ್ಟೆಮ್ಮರ್ ‘ಬೇಂದ್ರೆ’ಯವರನ್ನೂ ಬಿಡುವುದಿಲ್ಲ. ಅಲ್ಲಿ ಬೇಕಾದದ್ದು ಬೇರೆ: ಚುಕ್ಕಿ ತೆಗೆದು ಇನಿಷಿಯಲ್ಲುಗಳನ್ನು ಕೂಡಿಸುವುದು, ‘ಭೈರಪ್ಪ’ ಎಂದರೂ ‘ಬೈರಪ್ಪ’ ಎಂದರೂ ಸಿಗುವಂತೆ ಮಹಾಪ್ರಾಣ ಸಡಿಲಿಸುವುದು, ಕಾವ್ಯನಾಮಗಳನ್ನು ಬೆಸೆಯುವುದು. ಅಂಬಿಕಾತನಯದತ್ತ ಎಂದರೆ ಬೇಂದ್ರೆ, ಶ್ರೀನಿವಾಸ ಎಂದರೆ ಮಾಸ್ತಿ, ವಿನಾಯಕ ಎಂದರೆ ಗೋಕಾಕ ಎಂದು ಯಾವ ಸೂತ್ರದಿಂದಲೂ ಹೊರಡುವುದಿಲ್ಲ. ಕನ್ನಡ ಓದಿದವರು ಕೂತು ಬರೆಯಬೇಕು.

ಪ್ರಕಟವಾದ ಊರಿನ ಫೀಲ್ಡಿಗೂ ಅಂಥದೇ ಸಮಾನಪದಗಳ ಪಟ್ಟಿ. ದಕ್ಷಿಣ ಕನ್ನಡ 1956ರ ನವೆಂಬರ್ 1ರವರೆಗೆ ಮದರಾಸು ರಾಜ್ಯದಲ್ಲಿತ್ತು, ಹಾಗಾಗಿ ಹಳೆಯ ಕನ್ನಡ ಪುಸ್ತಕಗಳಲ್ಲಿ ಈ ನಗರದ ಹೆಸರು ಮದರಾಸು, ಮದ್ರಾಸ್, ಚೆನ್ನಪಟ್ಟಣ, ಚೆನ್ನಪುರಿ ಎಂದೆಲ್ಲ ಬರುತ್ತದೆ. 1996ರ ನಂತರ ಚೆನ್ನೈ. ಇವನ್ನೆಲ್ಲ ಒಂದಾಗಿಸಬೇಕು, ಆದರೆ ರಾಮನಗರದ ಪಕ್ಕದ ಬೊಂಬೆಗಳ ಊರು ‘ಚನ್ನಪಟ್ಟಣ’ವನ್ನು ಹೊರಗಿಡಬೇಕು. ಎರಡರ ನಡುವೆ ಇರುವುದು ಒಂದೇ ಎತ್ವ.

ಮತ್ತು, ಒಂದು, ಈ, ನಾನು, ಅವನು ಎಂಬಂಥ ಪದಗಳನ್ನು ಸೂಚಿಯಿಂದ ಎಸೆಯುವ ಹಳೆಯ ರೂಢಿಯೊಂದಿದೆ. ಪುಸ್ತಕದ ಹೆಸರಿಗೆ ಅದನ್ನು ಹಾಕಬಾರದು ಎನ್ನುತ್ತೇನೆ. ಲಿವಿಂಗ್ ಸ್ಮೈಲ್ ವಿದ್ಯಾ ಅವರ ತಮಿಳು ಆತ್ಮಕಥೆಯನ್ನು ಆಧರಿಸಿದ ಕನ್ನಡ ಚಿತ್ರ ‘ನಾನು ಅವನಲ್ಲ ಅವಳು’. ಸರ್ವನಾಮಗಳನ್ನು ಎಸೆದರೆ ಆ ಹೆಸರಿನಲ್ಲಿ ಉಳಿಯುವುದೇನು? ತನ್ನನ್ನು ತಾನು ಹೆಸರಿಸಿಕೊಳ್ಳುವ ಒಂದು ಜೀವದ ಇಡೀ ಹೋರಾಟ ಆ ಸರ್ವನಾಮಗಳಲ್ಲೇ ಇದೆ. ಎಸೆಯುವ ಅಗತ್ಯವೂ ಈಗ ಇಲ್ಲ. ಎಲ್ಲೆಡೆ ಬರುವ ಪದಕ್ಕೆ ಕಡಿಮೆ ತೂಕ, ಅಪರೂಪದ ಪದಕ್ಕೆ ಹೆಚ್ಚು ತೂಕ ಎಂದು ಕೇಂಬ್ರಿಜ್‌ನ ಕ್ಯಾರೆನ್ ಸ್ಪಾರ್ಕ್ ಜೋನ್ಸ್ 1972ರಲ್ಲೇ ದಾರಿ ತೋರಿಸಿದ್ದಾರೆ.

ಒಂದೇ ಫೀಲ್ಡನ್ನು ಹಲವು ರೀತಿ ಇಟ್ಟುಕೊಳ್ಳಲೂಬಹುದು. ಪುಸ್ತಕದ ಹೆಸರನ್ನು ನಾನು ನಾಲ್ಕು ಸಲ ಅಕಾರಾದಿಗೆ ಹಾಕುತ್ತೇನೆ: ಇದ್ದ ಹಾಗೆ ಒಂದು, ಪ್ರತ್ಯಯ ಕಳಚಿ ಒಂದು, ವರ್ಣಮಾಲೆಯ ಕ್ರಮದಲ್ಲಿ ಜೋಡಿಸಲು ಒಂದು, ಬೆರಳು ಒತ್ತುತ್ತಿದ್ದ ಹಾಗೇ ಸೂಚನೆ ತೋರಿಸಲು ಒಂದು. ಈ ಕೊನೆಯದು ‘ಮಲೆಗಳಲ್ಲಿ’ ಎಂಬ ಪದವನ್ನು ಮ, ಮಲ, ಮಲೆ ಎಂದು ಮೊದಲಿನಿಂದ ಬೆಳೆಯುವ ತುಂಡುಗಳಾಗಿ ಇಡುತ್ತದೆ. ಇದನ್ನು ಪುಸ್ತಕದ ಕಡೆ ಮಾತ್ರ ಮಾಡಬೇಕು, ಹುಡುಕುವವರ ಪದವನ್ನು ತುಂಡರಿಸಬಾರದು. ಇಷ್ಟು ಹೊತ್ತು ಎರಡೂ ಕಡೆ ಒಂದೇ ಅಳತೆ ಎಂದವನು ಇಲ್ಲಿ ಬೇರೆ ಹೇಳುತ್ತಿದ್ದೇನೆ. ಕಾರಣ, ಹುಡುಕುವ ಪದವೂ ತುಂಡಾದರೆ ಅದರ ಮೊದಲ ತುಂಡು ‘ಮ’ ಒಂದೇ ಸಾಕು, ‘ಮರಳಿ ಮಣ್ಣಿಗೆ’ಯಿಂದ ‘ಮೂಕಜ್ಜಿಯ ಕನಸುಗಳು’ವರೆಗೆ ‘ಮ’ ಕಂಡ ಪುಸ್ತಕವೆಲ್ಲ ಎದ್ದು ಬರುತ್ತದೆ. ಹುಡುಕಾಟ ನಡೆದಾಗ ಇದ್ದ ಹಾಗೆ ಹೊಂದಿದ ಪುಸ್ತಕಕ್ಕೆ ಹೆಚ್ಚು ಅಂಕ, ಕಳಚಿದ ರೂಪದಲ್ಲಿ ಹೊಂದಿದ್ದಕ್ಕೆ ಕಡಿಮೆ. ‘ಮಲ್ಲಿಗೆ’ ಎಂದವರಿಗೆ ಮಲ್ಲಿಗೆಯೇ ಮೇಲೆ ಬರುತ್ತದೆ.

ಇನ್ನೊಂದು ಎಚ್ಚರ. ಅನಲೈಜರನ್ನು ಬದಲಿಸಿದರೆ ಹಳೆಯ ಅಕಾರಾದಿ ತಾನಾಗಿ ಬದಲಾಗುವುದಿಲ್ಲ. ಒಳಗಿರುವುದು ಹಳೆಯ ನಿಯಮದ ಟೋಕನ್, ಹುಡುಕುವವರ ಪದ ಹೊಸ ನಿಯಮದ್ದು. ಧಾನ್ಯ ತುಂಬಿದ್ದು ಸೇರಿನಲ್ಲಿ, ಲೆಕ್ಕ ಕೇಳುವುದು ಲೀಟರಿನಲ್ಲಿ ಎಂಬಂತಾಗುತ್ತದೆ. ಪ್ರತಿ ಬದಲಾವಣೆಯ ನಂತರವೂ ಸೂಚಿಯನ್ನು ಬುಡದಿಂದ ಮತ್ತೆ ಕಟ್ಟಬೇಕು. ನಮ್ಮ ಪುಸ್ತಕಗಳಿಗೆ ಅದು ಕೆಲವೇ ಸೆಕೆಂಡಿನ ಕೆಲಸ.

ಯಾವ ಹುಡುಕಾಟಕ್ಕೆ ಏನೂ ಸಿಗಲಿಲ್ಲವೋ ಆ ಪದಗಳು ಒಂದು ಕಡತದಲ್ಲಿ ಬಂದು ಬೀಳುವಂತೆ ಮಾಡಿಟ್ಟಿದ್ದೇನೆ. ಭಾನುವಾರ ಬೆಳಿಗ್ಗೆ ಕಾಫಿ ಹಿಡಿದು ಅದನ್ನು ಓದುತ್ತೇನೆ. ಹೋದ ವಾರ ಅದರಲ್ಲಿದ್ದದ್ದು ಒಂದೇ ಪದ, ‘ಬೆಳದಿಂಗಳಿನ’. ಮೂರನೇ ಮಹಡಿಯಿಂದಲೇ ಬಂದದ್ದು. ‘ಬೆಳದಿಂಗಳು’ ಕಳಚಬಾರದ ಪಟ್ಟಿಯಲ್ಲಿತ್ತು, ಆದರೆ ಆ ಪಟ್ಟಿ ಕಾಯುವುದು ಆ ಒಂದು ರೂಪವನ್ನು ಮಾತ್ರ. ವಿಭಕ್ತಿ ಹತ್ತಿದ ರೂಪ ಕಾವಲಿಲ್ಲದೆ ಹೋಗಿ ‘ಬೆಳದಿಂ’ ಎಂದು ನಿಂತಿತ್ತು. ಬೆಳದಿಂಗಳಿನ, ಬೆಳದಿಂಗಳಲ್ಲಿ, ಬೆಳದಿಂಗಳಿಗೆ, ಬೆಳದಿಂಗಳನ್ನು ಎಂದು ನಾಲ್ಕು ಸಾಲು ಬರೆದು, ನಾಲ್ಕರ ಎದುರಿಗೂ ‘ಬೆಳದಿಂಗಳು’ ಎಂದು ತುಂಬಿ, ಸೂಚಿಯನ್ನು ಮತ್ತೆ ಕಟ್ಟಲು ಬಿಟ್ಟೆ. ಮುಗಿದ ಮೇಲೆ ಮೇಲಕ್ಕೆ ಫೋನ್ ಮಾಡಿದೆ.

“ಅಮ್ಮ, ಈಗ ಇನ್ನೊಂದು ಸಲ ಹುಡುಕಿ ನೋಡಿ.”